ಗಿರಿಜಕ್ಕನ ಕಿವಿ ಮತ್ತು ನನ್ನ ಅಸಲಿ ಹನ್ನೆರಡನೇ ಶತಮಾನ

ಬೇರೆಯವರ ತಪ್ಪು ಹಿಡಿಯುವುದರಲ್ಲಿ ಒಂದು ಸುಖವಿದೆ. ಬೆಳಗಿನ ಎರಡನೇ ಲೋಟ ಕಾಫಿಯ ಹಾಗೆ ಅದು. ಬೇಕೇ ಬೇಕೆಂದೇನಿಲ್ಲ, ಆದರೆ ಬಿಡಲು ಆಗುವುದಿಲ್ಲ. ಯಾರೂ ಇದನ್ನು ಬಾಯಿಬಿಟ್ಟು ಒಪ್ಪಿಕೊಳ್ಳುವುದಿಲ್ಲವಾದ್ದರಿಂದ ನಾನೇ ಒಪ್ಪಿಕೊಂಡುಬಿಡುತ್ತೇನೆ. ಒಮ್ಮೆ ಶಾಲೆಯ ವಾರ್ಷಿಕೋತ್ಸವದ ನಾಟಕದಲ್ಲಿ ಮಹಾರಾಜನ ಕೈಯಲ್ಲಿ ವಾಚು ಕಂಡಿತು. ಉಳಿದವರೆಲ್ಲ ನಕ್ಕು ಸುಮ್ಮನಾದರು. ನಾನು ಮಾತ್ರ ನಾಟಕ ಮುಗಿದ ಮೇಲೆ ವೇದಿಕೆಯ ಹಿಂದೆ ಹೋಗಿ, ಮಹಾರಾಜನನ್ನು ಹುಡುಕಿ, ರಾಜರ ಕಾಲದಲ್ಲಿ ಹೊತ್ತು ಹೇಗೆ ನೋಡುತ್ತಿದ್ದರು ಎಂಬುದನ್ನು ವಿವರವಾಗಿ ತಿಳಿಸಿ ಬಂದೆ. ಮಹಾರಾಜನಿಗೆ ಆಗ ಒಂಬತ್ತು ವರ್ಷ. ಅಳುತ್ತಾ ಮನೆಗೆ ಹೋದನಂತೆ. ನನ್ನ ಹೆಂಡತಿ ಶಾರದ ಇದನ್ನು ಇವತ್ತಿಗೂ ನೆಂಟರ ಮುಂದೆ ಹೇಳಿ ನನ್ನ ಮಾನ ಕಳೆಯುತ್ತಾಳೆ.

ಕಸುಬಿನಲ್ಲಿ ನಾನು ಇತಿಹಾಸದ ಮೇಷ್ಟರೇನಲ್ಲ. ಮೂಡಿಗೆರೆಯಲ್ಲಿ ನನ್ನದೊಂದು ಅಂಗಡಿ. ಸ್ಪ್ರೇಯರ್ ಪಂಪಿನ ವಾಷರು, ಕತ್ತಿ, ಗೋಣಿಚೀಲ, ಟಾರ್ಪಾಲು, ಇಂಥವನ್ನು ಮಾರಿ ಬದುಕುವವನು. ಆದರೆ ಗಿರಾಕಿ ವಾಷರು ಕೇಳಿದರೆ ನಾನು ಮೊದಲು ಹೊಯ್ಸಳರ ಕಾಲದ ಕೆರೆತೂಬಿನ ಕಥೆ ಶುರುಮಾಡುತ್ತೇನೆ. ಪಾಪ, ಅವರು ಮರ್ಯಾದೆಗೆ ತಲೆಯಾಡಿಸಿ, ಸೈಜು ತಪ್ಪಿದ ವಾಷರು ತೆಗೆದುಕೊಂಡು ಹೋಗಿ, ಮರುದಿನ ಬೈಯುತ್ತಾ ವಾಪಸು ಬರುತ್ತಾರೆ.

ಜಾವಳಿ ಕಡೆಯ ಒಂದು ಗದ್ದೆ ಬಯಲಿನ ಅಂಚಿನಲ್ಲಿ ಒಂದು ವೀರಗಲ್ಲಿದೆ. ಮೂರು ಅಂತಸ್ತಿನ ಕಲ್ಲು. ಕೆಳಗಿನದರಲ್ಲಿ ದನ ಕದಿಯಲು ಬಂದವರ ಮೇಲೆ ಕತ್ತಿಯೆತ್ತಿ ನಿಂತ ಗಂಡಸು. ನಡುವಿನದರಲ್ಲಿ ಸತ್ತ ಅವನನ್ನು ತೋಳು ಹಿಡಿದು ಮೇಲಕ್ಕೆ ಒಯ್ಯುವ ದೇವಕನ್ಯೆಯರು. ಮೇಲಿನದರಲ್ಲಿ ಕೈಲಾಸದಲ್ಲಿ ಲಿಂಗದ ಮುಂದೆ ಕೈಮುಗಿದು ಕೂತ ಅವನೇ. ಅಕ್ಷರವೆಲ್ಲ ಸವೆದಿದೆ, ಹೆಸರು ಗೊತ್ತಿಲ್ಲ. ಹನ್ನೆರಡನೇ ಶತಮಾನದ್ದಿರಬೇಕು ಎಂದು ತಿಳಿದವರೊಬ್ಬರು ಹೇಳಿದ್ದರು. ಆ 'ಇರಬೇಕು' ಎಂಬುದನ್ನು ನಾನು ಬಿಟ್ಟುಬಿಟ್ಟಿದ್ದೇನೆ. ಪ್ರತಿ ಜನವರಿಯಲ್ಲಿ, ಭತ್ತ ಕೊಯ್ದು ಬಯಲು ಖಾಲಿಯಾದಾಗ, ನಾವೊಂದಿಪ್ಪತ್ತು ಜನ ಸೇರಿ ಆ ಕಲ್ಲಿನ ಕಾಳಗವನ್ನು ಅದೇ ಬಯಲಿನಲ್ಲಿ ಆಡಿ ತೋರಿಸುತ್ತೇವೆ. ಮೊದಲ ವರ್ಷ ಅದು ಬರೀ ತಮಾಷೆ. ದನಗಳ್ಳರು ಬರ್ಮುಡಾ ಚಡ್ಡಿಯಲ್ಲಿ ಬಂದರು, ವೀರ ಸಾಯುವಾಗ ಅವನ ಮೊಬೈಲು ಬಡಿದುಕೊಂಡಿತು. ಎರಡನೇ ವರ್ಷದಿಂದ ಜವಾಬ್ದಾರಿಯನ್ನು ನಾನು ವಹಿಸಿಕೊಂಡೆ. ಎಂದರೆ, ಯಾರೂ ಕೊಡದಿದ್ದರೂ ತೆಗೆದುಕೊಂಡೆ.

ನಾನು ಒಂದು ನಿಯಮಾವಳಿ ಬರೆದು ಎಲ್ಲರಿಗೂ ಹಂಚಿದೆ. ವಾಚು, ಚಪ್ಪಲಿ, ಸೇಫ್ಟಿ ಪಿನ್ನು, ಕನ್ನಡಕ ಬಯಲಿಗೆ ತರುವಂತಿಲ್ಲ. ಅಡುಗೆಗೆ ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ ಬಳಸುವಂತಿಲ್ಲ, ಆ ಕಾಲಕ್ಕೆ ಅವು ಇಲ್ಲಿಗೆ ಬಂದಿರಲಿಲ್ಲ. ಖಾರ ಬೇಕಾದರೆ ಕಾಳುಮೆಣಸು. ಮುಖ್ಯವಾಗಿ, ಆಟ ಮುಗಿಯುವವರೆಗೆ ಕಾಫಿ ಇಲ್ಲ. ಸುತ್ತ ಎತ್ತ ತಿರುಗಿದರೂ ಕಾಫಿ ಗಿಡವೇ ಇರುವ ನಾಡಿನಲ್ಲಿ ಈ ಮಾತು ಹೇಳಲು ಎದೆಗಾರಿಕೆ ಬೇಕು. ದನಗಳ್ಳರ ನಾಯಕ ಸುಂದರೇಶ, ಎಸ್ಟೇಟೊಂದರಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರು, ನನ್ನ ಜೊತೆ ಓದಿದವನು, ಹಾಳೆಯನ್ನು ಓದಿ ನನ್ನ ಮುಖ ನೋಡಿದ. "ಎಂಥದು ಮಾರಾಯ ಇದು? ಕಾಫಿ ಇಲ್ದೆ ನಾನು ದನ ಕದಿಯೋದಿಲ್ಲ. ಬೇಕಾದ್ರೆ ನಿನ್ನ ಕೊಲ್ತೀನಿ" ಎಂದ. ಹೇಗೂ ಆಟದಲ್ಲಿ ನನ್ನನ್ನು ಕೊಲ್ಲುವವನು ಅವನೇ. ವೀರನ ಪಾತ್ರ ಯಾರದು ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ, ನನ್ನದು. ಅಷ್ಟು ಓದಿಕೊಂಡವನು ಬೇರೆ ಯಾರಿದ್ದಾರೆ? ಶಾರದ ಮಾತ್ರ ನನ್ನನ್ನೂ ಹಾಳೆಯ ತಲೆಗೆ ಅಚ್ಚು ಹಾಕಿಸಿದ್ದ ಕಲ್ಲಿನ ಫೋಟೊವನ್ನೂ ಸರದಿಯಲ್ಲಿ ನೋಡಿ, "ರೀ, ಆ ಕಲ್ಲಲ್ಲಿರೋನಿಗೆ ಸೊಂಟ ಅಂತ ಒಂದಿದೆ" ಎಂದಳು. ಅವಳು ನಿಯಮಾವಳಿಯನ್ನು ಓದಿದ್ದು ಅಷ್ಟೇ.

ಇಷ್ಟಾದರೂ ಎರಡನೇ ವರ್ಷದ ಆಟವನ್ನು ಕೆಡಿಸಿದ್ದು ದನಗಳು. ಡೈರಿಗೆ ಹಾಲು ಹಾಕುವವರ ಹತ್ತಿರ ಎರವಲು ತಂದಿದ್ದ ಕಪ್ಪು ಬಿಳುಪಿನ ಸೀಮೆ ಹಸುಗಳು. ಚಿಕ್ಕಮಗಳೂರಿನಿಂದ ಬಂದಿದ್ದ ಒಬ್ಬರು ತೆಗೆದ ಫೋಟೊದಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕಂಡದ್ದು ಹಸುವಿನ ಕಿವಿಯಲ್ಲಿದ್ದ ಹಳದಿ ಪ್ಲಾಸ್ಟಿಕ್ ಬಿಲ್ಲೆ. ನಂಬರು ಕೂಡ ಓದಬಹುದಿತ್ತು. ನನಗೆ ಅನ್ನ ಸೇರಲಿಲ್ಲ. ಮೂರನೇ ವರ್ಷ ಏನಾದರೂ ಸರಿಯೇ, ಮಲೆನಾಡು ಗಿಡ್ಡ ತಳಿಯ ದನಗಳೇ ಬೇಕು ಎಂದು ಹಟ ಹಿಡಿದೆ. ಆ ಸುತ್ತಿನಲ್ಲಿ ಗಿಡ್ಡ ದನ ಸಾಕುತ್ತಿದ್ದದ್ದು ಒಬ್ಬರೇ, ಗಿರಿಜಕ್ಕ.

ಗಿರಿಜಕ್ಕನಿಗೆ ಅರವತ್ತು ದಾಟಿದೆ. ಎರಡು ಎಕರೆ ತೋಟ, ಹನ್ನೊಂದು ದನ. ಮಂಡಿನೋವಿಗೆ ಕ್ಯಾನ್ವಾಸ್ ಶೂ ಹಾಕಿಕೊಂಡೇ ಗುಡ್ಡ ಹತ್ತುತ್ತಾರೆ. ಎರಡೂ ಕಿವಿ ಮಂದವಾಗಿ, ಹೋದ ವರ್ಷವಷ್ಟೇ ಬಲಗಿವಿಗೆ ಒಂದು ಶ್ರವಣಯಂತ್ರ ಬಂದಿತ್ತು. ಅದನ್ನು ಅವರು ಮಿಷನ್ನು ಎನ್ನುತ್ತಾರೆ. ನಾನು ಹೋದಾಗ ಬೆಲ್ಲದ ಕಾಫಿ ಕೊಟ್ಟು, ನನ್ನ ಭಾಷಣವನ್ನೆಲ್ಲ ಕೇಳಿ, "ದನ ಕೊಡ್ತೀನಿ ಮಲ್ಲೇಶಪ್ಪೋರೇ. ಆದ್ರೆ ನಂಗೂ ಒಂದು ಪಾರ್ಟು ಕೊಡಿ. ದನ ಬಿಡಿಸ್ಕೊಳೋ ಕಡೆ" ಎಂದರು.

ನಾನು ಲೋಟ ಕೆಳಗಿಟ್ಟೆ. ಆ ಕಾಲದ ಕಾಳಗದಲ್ಲಿ ಹೆಂಗಸರು ಇರುತ್ತಿರಲಿಲ್ಲ, ಕಲ್ಲಿನಲ್ಲಿ ಇಲ್ಲ, ನಾವಾಗಿ ಸೇರಿಸಿದರೆ ಇತಿಹಾಸಕ್ಕೆ ಅಪಚಾರ ಎಂದು ತಿಳಿಹೇಳಿದೆ. ಬೇಕಾದರೆ ದೇವಕನ್ಯೆಯ ಪಾತ್ರವಿದೆ ಎಂದೆ.

"ಅದು ಅವ್ನು ಸತ್ತ ಮೇಲೆ ಅಲ್ವಾ? ಅವ್ನು ಬದುಕಿದ್ದಾಗ ಆ ದನ ಯಾರು ಕಾಯ್ತಿದ್ರು? ಹಾಲು ಯಾರು ಕರೀತಿದ್ರು?"

"ಅದು ಕಲ್ಲಲ್ಲಿಲ್ಲ ಗಿರಿಜಕ್ಕ."

"ಕಲ್ಲಲ್ಲಿಲ್ಲ ಅಂದ್ರೆ ಊರಲ್ಲೇ ಇರ್ಲಿಲ್ವಾ?"

ಉತ್ತರ ಇಲ್ಲದಾಗ ನಾನು ದನಿ ಏರಿಸುತ್ತೇನೆ, ಏರಿಸಿದೆ. ಗಿರಿಜಕ್ಕ ಬೇಜಾರು ಮಾಡಿಕೊಳ್ಳಲಿಲ್ಲ. ಮಿಷನ್ನಿನ ಮೇಲೆ ಕೈಯಾಡಿಸಿ, "ಕಿವಿ ಹೋದ್ಮೇಲೆ ನಾಲ್ಕು ಜನ ಸೇರಿದ ಕಡೆ ಹೋಗೋದೇ ಬಿಟ್ಟಿದ್ದೆ. ಯಾರೋ ನಗ್ತಾರೆ, ಯಾತಕ್ಕೆ ಅಂತ ತಿಳಿಯಲ್ಲ. ನನ್ನ ನೋಡೇ ನಕ್ರೇನೋ ಅನ್ಸತ್ತೆ. ಇದು ಬಂದ್ಮೇಲೆ ಜನದ ಮಧ್ಯೆ ಹೋಗ್ಬೇಕು ಅಂತ ಆಸೆ ಆಗಿರೋದು ಇದೇ ಮೊದ್ಲು" ಎಂದರು. ಆದರೂ ನನ್ನ ನಿಯಮಾವಳಿ ಸಡಿಲವಾಗಲಿಲ್ಲ. ಕೊನೆಗೆ ಒಂದು ರಾಜಿಯಾಯಿತು. ಗಿರಿಜಕ್ಕ ಮೊದಲಿಗೆ ದನ ಹೊಡೆದುಕೊಂಡು ಬಯಲಿಗೆ ಬರುವುದು, ಆಮೇಲೆ ಲಂಟಾನ ಪೊದೆಯ ಹಿಂದೆ ನಿಲ್ಲುವುದು, ನಾನು ಕೂಗಿ ಹೇಳಿದಾಗ ಅಲ್ಲಿಂದಲೇ ದನ ಕರೆಯುವುದು. ಜನರ ಕಣ್ಣಿಗೆ ಬೀಳುವ ಎರಡು ನಿಮಿಷ ಶೂ ಇಲ್ಲ, ಮಿಷನ್ನೂ ಇಲ್ಲ. ಲಂಟಾನ ಕೂಡ ಆ ಕಾಲದ ಗಿಡವಲ್ಲ ಎಂಬುದು ನನಗೆ ಗೊತ್ತಿತ್ತು. ಆ ವಿಷಯ ಎತ್ತಲಿಲ್ಲ.

ಆಟದ ದಿನ ಬಯಲಿನ ತುಂಬ ಜನ. ಗದ್ದೆ ಬಿಟ್ಟುಕೊಟ್ಟ ಪ್ಲಾಂಟರು ಮುಖ್ಯ ಅತಿಥಿಯಾಗಿ ಹಾರ ಹಾಕಿಕೊಂಡು ಮುಂದೆ ಕೂತಿದ್ದರು. ಬಯಲಿನಾಚೆ ಅವರದೇ ಕಣ, ಕಣದ ತುಂಬ ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಲು ಹರಡಿದ ಪಾರ್ಚ್‌ಮೆಂಟ್ ಕಾಫಿ. ಗಿರಿಜಕ್ಕ ಒಗೆದ ಸೀರೆ ಉಟ್ಟು, ಬರಿಗಾಲಲ್ಲಿ ಸ್ವಲ್ಪ ಕುಂಟುತ್ತಾ ಬಂದು, ಮಿಷನ್ನು ಬಿಚ್ಚಿ ನನ್ನ ಕೈಗಿಟ್ಟರು. "ಪೊದೆ ಹಿಂದೆ ಹೋದ ತಕ್ಷಣ ವಾಪಸ್ ಕೊಡ್ತೀರಾ ಅಲ್ವಾ?" ಎಂದರು. ಕೊಡುತ್ತೇನೆ ಎಂದು ಕೈಸನ್ನೆ ಮಾಡಿ, ಅದನ್ನು ಸೊಂಟದ ಬಟ್ಟೆಗೆ ಸಿಕ್ಕಿಸಿಕೊಂಡೆ. ನನ್ನ ಕನ್ನಡಕವನ್ನು ಶಾರದಳ ಕೈಗೆ ಕೊಟ್ಟೆ. ನಿಯಮ ಎಂದರೆ ಎಲ್ಲರಿಗೂ ಒಂದೇ ಎಂದು ನಾಲ್ಕು ಜನ ಕೇಳುವಂತೆ ಹೇಳಿಯೂ ಹೇಳಿದೆ. ಆಮೇಲೆ ಯಾರೋ ಬಂದು ನನ್ನ ಕತ್ತಿಯ ಹಿಡಿಕೆ ಚೆನ್ನಾಗಿದೆ ಎಂದರು. ಹಿಡಿಕೆಯ ಇತಿಹಾಸ ಹೇಳುತ್ತಾ ನಿಂತವನು ಮಿಷನ್ನನ್ನು ಮರೆತೇಬಿಟ್ಟೆ.

ದನಗಳು ಬಂದವು, ಭತ್ತದ ಕೂಳೆ ತುಳಿದು ನಿಂತವು, ಗಿರಿಜಕ್ಕ ಪೊದೆಯ ಹಿಂದೆ ಮರೆಯಾದರು. ನಾನು ಹಟ ಮಾಡಿ ಕರೆಸಿದ್ದ ಕೊಂಬಿನವರು ಕೊಂಬು ಊದಿದರು. ಹಿಂದಿನ ವರ್ಷದ ಸೀಮೆ ಹಸುಗಳು ರೆಕಾರ್ಡಿನ ಸದ್ದಿಗೆ ಮೆಲುಕು ಹಾಕುತ್ತಾ ನಿಂತಿದ್ದವು. ಗಿಡ್ಡ ದನಗಳು ಅಸಲಿ. ಅಸಲಿ ಕೊಂಬಿಗೆ ಅಸಲಿಯಾಗಿಯೇ ಹೆದರಿ, ಬಾಲ ಎತ್ತಿ, ಕಳ್ಳರನ್ನೂ ದಾಟಿಕೊಂಡು ನೇರ ಕಾಫಿ ಕಣದ ಕಡೆ ಓಡಿದವು. ಮುಖ್ಯ ಅತಿಥಿಗಳು ಹಾರದ ಸಮೇತ ಎದ್ದು ನಿಂತು, "ಅಯ್ಯೋ, ನನ್ನ ಪಾರ್ಚ್‌ಮೆಂಟು!" ಎಂದರು. ನಾನು ಕತ್ತಿಯೆತ್ತಿ ಅಟ್ಟಿಸಿಕೊಂಡು ಹೋದೆ. ಕನ್ನಡಕವಿಲ್ಲದ ನನಗೆ ಲೋಕವೆಲ್ಲ ಗಂಜಿ. ಕಂದು ಬಣ್ಣದ್ದೊಂದು ಕಂಡಿತು, ಅದರ ಬೆನ್ನಿಗೆ ಬಾರಿಸಿ "ಹೋ ತಿರುಗು" ಎಂದೆ. ಕಂಬಳಿ ಹೊದ್ದಿದ್ದ ಸುಂದರೇಶ "ನಾನು ಮಾರಾಯ, ನಾನು!" ಎಂದು ಕಿರುಚಿದ. ಅಲ್ಲಿಂದ ತಿರುಗಿ ಎರಡು ಹೆಜ್ಜೆ ಓಡಿದವನು ತೋಟದ ಬೇಲಿಯ ಅಗಳಿಗೆ, ಸೊಂಟದಷ್ಟು ಆಳದ ಆ ಕಾಲುವೆಗೆ, ದಬಕ್ಕನೆ ಬಿದ್ದೆ.

ಬಿದ್ದಲ್ಲಿಂದಲೇ "ಗಿರಿಜಕ್ಕಾ, ಕೂಗಿ! ದನ ಕರೀರಿ!" ಎಂದು ಅರಚಿದೆ. ಪೊದೆಯ ಹಿಂದಿನಿಂದ ಸದ್ದಿಲ್ಲ. ಇನ್ನೊಮ್ಮೆ ಅರಚಿದೆ. ಸದ್ದಿಲ್ಲ. ಬದಲಿಗೆ ನನ್ನ ಸೊಂಟದಿಂದ ಸಣ್ಣಗೆ, ಹಕ್ಕಿ ಕೂಗಿದ ಹಾಗೆ, "ಕುಂಯ್ಯ್" ಎಂದು ಒಂದು ಸೀಟಿ ಕೇಳಿಸಿತು. ಮಿಷನ್ನನ್ನು ಕಿವಿಯಿಂದ ತೆಗೆದು ಅದುಮಿಟ್ಟರೆ ಅದು ಹಾಗೆ ಸೀಟಿ ಹೊಡೆಯುತ್ತದಂತೆ. ಇಡೀ ಬಯಲಿನಲ್ಲಿ ಆ ದನಗಳನ್ನು ನಿಲ್ಲಿಸಬಲ್ಲವರು ಒಬ್ಬರೇ, ಅವರ ಕಿವಿ ನನ್ನ ಸೊಂಟದಲ್ಲಿತ್ತು.

ಆದರೆ ಗಿರಿಜಕ್ಕನಿಗೆ ಕಣ್ಣು ಚೆನ್ನಾಗಿದೆ. ಬಹಳ ಹೊತ್ತು ಕರೆ ಬರಲಿಲ್ಲವೆಂದು ಪೊದೆಯ ಸಂದಿಯಿಂದ ಇಣುಕಿದರಂತೆ. ದನ ಕಣದ ಕಡೆ ಹೋಗುತ್ತಿರುವುದು ಕಂಡಿತಂತೆ. ಅಷ್ಟೇ. ಸೀರೆ ಎತ್ತಿ ಕಟ್ಟಿ, ಬಯಲಿನ ನಟ್ಟನಡುವೆ ಬಂದು ನಿಂತು, "ಬಾಯೇ ಕೌಲೀ... ಬಾ, ಬಾ, ಬಾಯೇ..." ಎಂದು ಒಂದು ಕೂಗು ಹಾಕಿದರು. ಆ ಕಾಲದ ಬಗ್ಗೆ ನಾನು ಬರೆದಿಟ್ಟ ಹದಿನೈದು ಪುಟದ ಟಿಪ್ಪಣಿಯಲ್ಲಿ ಇಲ್ಲದ ಕೂಗು ಅದು. ಮುಂದಿದ್ದ ಕೌಲಿ ಕಣಕ್ಕೆ ಹತ್ತು ಮಾರು ಇರುವಾಗ ಗಕ್ಕನೆ ನಿಂತು ತಿರುಗಿತು. ಹನ್ನೊಂದೂ ತಿರುಗಿ ಬಂದು ಗಿರಿಜಕ್ಕನ ಸುತ್ತ ನಿಂತವು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ವೀರ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಕಂಬಳಿ ಝಾಡಿಸುತ್ತಾ ಬಂದ ಸುಂದರೇಶ ಅಗಳಿನೊಳಗೆ ಬಗ್ಗಿ ನೋಡಿ, "ನಿನ್ನ ಬೇರೆ ಕೊಲ್ಲೋದು ಬೇಕಾ, ಸಾಕಾ?" ಎಂದ.

ಎದ್ದು, ಮಣ್ಣು ಕೊಡವಿ, ಕುಂಟುತ್ತಾ ಗಿರಿಜಕ್ಕನ ಹತ್ತಿರ ಹೋಗಿ ಎರಡೂ ಕೈಯಲ್ಲಿ ಮಿಷನ್ನು ಕೊಟ್ಟೆ. ಅವರು ಅದನ್ನು ಸೆರಗಿನಿಂದ ಒರೆಸಿ, ಕಿವಿಗಿಟ್ಟು, ತಿರುಗಿಸಿ ಸರಿಮಾಡಿಕೊಳ್ಳುವಷ್ಟರಲ್ಲಿ ಚಪ್ಪಾಳೆ ನಿಂತುಹೋಗಿತ್ತು. "ಎಲ್ಲರೂ ಕೈ ತಟ್ತಿದ್ದು ಕಾಣ್ತಿತ್ತು. ಜೋರಿತ್ತಾ?" ಎಂದು ಕೇಳಿದರು. ಹೆಂಗಸು ಜನ್ಮದಲ್ಲಿ ಒಮ್ಮೆ ಸಂಪಾದಿಸಿದ ಚಪ್ಪಾಳೆ, ಅವರಿಗೇ ಕೇಳದ ಹಾಗೆ ಮಾಡಿದ್ದು ನನ್ನ ನಿಯಮಾವಳಿ. ಬೇರೆ ಏನು ಮಾಡಲೂ ತೋಚದೆ, ನಡುಬಯಲಲ್ಲಿ ನಿಂತು ನಾನೊಬ್ಬನೇ ಚಪ್ಪಾಳೆ ತಟ್ಟತೊಡಗಿದೆ. ಆಮೇಲೆ ಶಾರದ ತಟ್ಟಿದಳು, ಸುಂದರೇಶ ತಟ್ಟಿದ, ಮತ್ತೆ ಇಡೀ ಬಯಲು ತಟ್ಟಿತು. ಗಿರಿಜಕ್ಕ ತಲೆ ಓರೆ ಮಾಡಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ "ಸಾಕು ಮಾರಾಯ್ರೇ, ದನ ಹೆದ್ರತ್ತೆ" ಎಂದರು.

ಅಂದಿನಿಂದ ನಾನು ಯೋಚಿಸುತ್ತಿದ್ದೇನೆ. ಹಳೆಯ ಕಾಲವನ್ನು ಇದ್ದ ಹಾಗೆಯೇ ತೋರಿಸಬೇಕು ಎಂಬ ಆಸೆ ತಪ್ಪಲ್ಲ. ಈಗಲೂ ಬರ್ಮುಡಾದ ಕಳ್ಳರನ್ನು ನಾನು ಒಪ್ಪುವುದಿಲ್ಲ. ಆದರೆ ನನ್ನ ಕತ್ತಿ ಬೆಳ್ಳಿ ಬಣ್ಣ ಹೊಡೆದ ಪ್ಲೈವುಡ್ಡಿನದು. ಬೆಳಿಗ್ಗೆ ಬಿಪಿ ಮಾತ್ರೆ ನುಂಗಿಯೇ ಬಯಲಿಗೆ ಇಳಿದಿದ್ದೆ. ಎಲ್ಲವೂ ಅಸಲಿಯಾಗಬೇಕಿದ್ದರೆ ಸುಂದರೇಶ ನನ್ನನ್ನು ಅಲ್ಲೇ ಕಡಿದು ಹಾಕಬೇಕಿತ್ತು. ನನ್ನ ಕುತ್ತಿಗೆಗೆ ರಿಯಾಯಿತಿ ಇದೆ, ಗಿರಿಜಕ್ಕನ ಕಿವಿಗೆ ಇಲ್ಲ ಎಂದರೆ ಅದು ಇತಿಹಾಸವಲ್ಲ, ನನ್ನ ದೌಲತ್ತು. ಎಂಟುನೂರು ವರ್ಷದ ಹಿಂದೆಯೂ ಕಿವಿ ಕೇಳದವರು, ಮಂಡಿ ನೋಯುವವರು, ದನ ಕರೆಯಬಲ್ಲ ಹೆಂಗಸರು ಆ ಬಯಲಿನಲ್ಲಿ ಇದ್ದೇ ಇದ್ದರು. ಕಲ್ಲು ಕೆತ್ತಿದವನಿಗೆ ಜಾಗ ಸಾಲಲಿಲ್ಲವೋ, ಅಥವಾ ನನ್ನಂಥವನೊಬ್ಬ ಪಕ್ಕದಲ್ಲಿ ಹಾಳೆ ಹಿಡಿದು ನಿಂತಿದ್ದನೋ, ಯಾರಿಗೆ ಗೊತ್ತು.

ಈ ವರ್ಷದ ತಯಾರಿಯ ಸಭೆ ಮೊನ್ನೆ ಗಿರಿಜಕ್ಕನ ಮನೆಯಲ್ಲೇ ನಡೆಯಿತು. ದನ ಬಿಡಿಸಿಕೊಳ್ಳುವವರ ಮುಂದಾಳು ಗಿರಿಜಕ್ಕ, ಶೂ ಮತ್ತು ಮಿಷನ್ನಿನ ಸಮೇತ. ವೀರನ ಪಾತ್ರಕ್ಕೆ ಸೊಂಟ ಇರುವ ಒಬ್ಬ ಯುವಕ ಸಿಕ್ಕಿದ್ದಾನೆ. ಹಾಗಾದರೆ ನನಗೇನು ಎಂದು ಕೇಳಿದೆ. ಎಲ್ಲರೂ ಗಿರಿಜಕ್ಕನ ಮುಖ ನೋಡಿದರು. ಅವರು ನನ್ನ ಹಳೆಯ ನಿಯಮಾವಳಿಯನ್ನೇ ಕೈಯಲ್ಲಿ ಹಿಡಿದು ಬಹಳ ಯೋಚಿಸಿದಂತೆ ಮಾಡಿ, "ಲಂಟಾನ ಪೊದೆ ಹಿಂದೆ ಒಂದು ಜಾಗ ಖಾಲಿ ಇದೆ ಮಲ್ಲೇಶಪ್ಪೋರೇ" ಎಂದರು. ಒಪ್ಪಿಕೊಂಡಿದ್ದೇನೆ. ಕನ್ನಡಕ ಹಾಕಿಕೊಳ್ಳಬಹುದಂತೆ, ಫ್ಲಾಸ್ಕಿನಲ್ಲಿ ಕಾಫಿಯನ್ನೂ ಒಯ್ಯಬಹುದಂತೆ. ಷರತ್ತು ಒಂದೇ, ಅಲ್ಲಿಂದ ಬಾಯಿ ಬಿಡುವಂತಿಲ್ಲ.