ಸರದಾರರ ಮೋಟಾರಿಗೆ ಥಂಡಿ ಪ್ಲಗ್ಗು

ನಮ್ಮ ಸೋದರಮಾವನಿಗೆ ಮನುಷ್ಯರ ಮೇಲೆ ಅಷ್ಟು ನಂಬಿಕೆಯಿರಲಿಲ್ಲ, ಸ್ಪಾರ್ಕ್ ಪ್ಲಗ್ಗುಗಳ ಮೇಲಿತ್ತು! ಮನುಷ್ಯ ಸುಳ್ಳು ಹೇಳಿಯಾನು, ಪ್ಲಗ್ಗು ಹೇಳೀತೇ? ಬಿಚ್ಚಿದಾಗ ಅದರ ಮೂತಿ ಕಪ್ಪಗಿದ್ದರೆ ಒಂದು ರೋಗ, ಬೆಳ್ಳಗಿದ್ದರೆ ಇನ್ನೊಂದು, ಕಂದುಬಣ್ಣವಿದ್ದರೆ ಎಂಜಿನ್ನು ಸುಖವಾಗಿದೆ ಎಂದರ್ಥ.

ಸಂಸ್ಥಾನದ ಕಾಲ. ನಾನು ಜಮಖಂಡಿಯ ಸಾಲೆಗೆ ಹೊಸ ಮಾಸ್ತರನಾಗಿ ಬಂದು ಮಾವನ ಮನೆಯಲ್ಲೇ ಇದ್ದೆ. ಮಾವ ಒಬ್ಬ ಸರದಾರರ ಮೋಟಾರಿಗೆ ಡ್ರೈವರು, ಮೆಕ್ಯಾನಿಕ್ಕು ಎರಡೂ. ದಿನಾ ಬೆಳಿಗ್ಗೆ ರೊಟ್ಟಿಯ ಪಕ್ಕದಲ್ಲಿ ಆರು ಪ್ಲಗ್ಗುಗಳನ್ನು ಸಾಲಾಗಿ ಇಟ್ಟುಕೊಂಡೇ ಉಣ್ಣುತ್ತಿದ್ದ.

"ಇವೇನು ರೊಟ್ಟಿ ತಿಂತಾವೇನ್ರಿ?" ಎಂದು ಅತ್ತೆ ರೇಗುತ್ತಿದ್ದಳು.

"ಇವು ನಿನ್ನಂಗ ಮಾತಾಡಂಗಿಲ್ಲಲೇ."

"ಹಂಗಾರ ಇವನ್ನ ಲಗ್ನ ಆಗಬೇಕಿತ್ತು!"

"ಆರು ಮಂದೀನ ಸಾಕೋದು ನನ್ನಿಂದ ಆಗತಿರಲಿಲ್ಲ!"

ಅಷ್ಟರಲ್ಲಿ ಸರದಾರರು ಹೊಸ ಮೋಟಾರು ತರಿಸಿದರು. ಅದರ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುರುಕುವ ಬ್ಲೋವರ್ ಬೇರೆ! ಮಾವ ಕೈಮುಗಿದು ಹೇಳಿದ, "ಸರಕಾರ, ಇದಕ್ಕ ಲಗೂನ ಬಿಸಿ ಬಿಟ್ಟುಕೊಡೋ ಥಂಡಿ ಪ್ಲಗ್ಗು ಬೇಕ್ರಿ. ಕಿಡಿ ಹಾರೋ ಸಂದೂ ಸಣ್ಣದಿರಬೇಕು. ಒಳಗ ಗಾಳಿ ಒತ್ತಿ ತುಂಬಿದಾಗ ಕಿಡಿಗೆ ದೂರ ಹಾರಾಕ ಆಗಂಗಿಲ್ಲ."

ಸರದಾರರ ಮೀಸೆ ನಿಮಿರಿತು. "ಥಂಡಿ? ಸಣ್ಣ? ನಮ್ಮ ಗಾಡಿಗೆ? ಥಂಡಿ ಬೇಕಾದ್ರ ಹಾಕು, ಯಾರಿಗೂ ಹೇಳಬ್ಯಾಡ. ಸಂದು ಮಾತ್ರ ದೊಡ್ಡದಿರಲಿ. ನಮ್ಮ ಮನಿತನದ ಕಿಡಿ ಯಾಕ ಹಾರಂಗಿಲ್ಲ?"

ಇದಕ್ಕೆ ಯಾವ ಎಂಜಿನ್ನು ಉತ್ತರ ಕೊಟ್ಟೀತು? ಸಂದು ದೊಡ್ಡದಾಯಿತು. ಮರುವಾರ ಬೀಗರನ್ನು ಕೂರಿಸಿಕೊಂಡು ಗುಡ್ಡ ಏರುವಾಗ ಮೋಟಾರು ನಾಲ್ಕು ಸಲ ಕೆಮ್ಮಿ, ಒಂದು ಸಲ ಸೀನಿ, ನಿಂತೇ ಹೋಯಿತು. ಕೊನೆಗೆ ಎರಡು ಎತ್ತು ಕಟ್ಟಿ ಎಳೆಸಬೇಕಾಯಿತು. ಎತ್ತುಗಳಿಗೆ ಪ್ಲಗ್ಗಿರಲಿಲ್ಲ, ಹಾಗಾಗಿ ಸಲೀಸಾಗಿ ಏರಿದವು!

ಸರದಾರರು ಪಾಠ ಕಲಿತರೇ? ಕಲಿತರು. "ಸಂದು ಸಾಕಾಗಿಲ್ಲ. ಇನ್ನೂ ಹಿಗ್ಗಿಸು!" ಎಂದರು. ಆ ಶನಿವಾರವೇ ನೆರೆಯ ಜಹಗೀರದಾರರ ಮೋಟಾರಿನೊಂದಿಗೆ ಮುಧೋಳದವರೆಗೆ ಪಂದ್ಯ. "ಹಿಗ್ಗಿಸದಿದ್ರ, ಸೋಮವಾರದಿಂದ ಬರಬ್ಯಾಡ."

ಶನಿವಾರ ಬೆಳಿಗ್ಗೆ ಮುಖ ತೊಳೆಯಲು ಹಿತ್ತಲಿಗೆ ಹೋದ ನಾನು ಹಾಗೇ ನಿಂತೆ. ಪ್ಲಗ್ಗು ಹಿಡಿದಿದ್ದವಳು ಅತ್ತೆ! ತೆಳು ಉಕ್ಕಿನ ಪಟ್ಟಿಯನ್ನು ಸಂದಿಗೆ ತೂರಿಸಿ, ಮೇಲಿನ ಕೊಕ್ಕೆಯನ್ನು ಮೆಲ್ಲಗೆ ತಟ್ಟುತ್ತಿದ್ದಳು. ಮಾವ ಪಕ್ಕದಲ್ಲಿ ಕೈಕಟ್ಟಿ ಕೂತಿದ್ದ.

"ಪಟ್ಟಿ ಎಳದಾಗ ತುಸು ಹಿಡದು ಬರತೈತೇನ?"

"ಬರತೈತ್ರಿ. ಸರಕಾರ ಹೇಳಿದಷ್ಟು ಹಿಗ್ಗಿಸಲೇನು?"

"ಬ್ಯಾಡ. ಗಾಡಿಗೆ ಬೇಕಾದಷ್ಟ ಇರಲಿ. ಹೋದ್ರ ನೌಕರಿ ಹೋಗಲಿ."

ನನ್ನನ್ನು ಕಂಡು ಮಾವ ತಲೆ ತಗ್ಗಿಸಿದ. "ದಾರಿ ಛಲೋ ಕಾಣತೈತೋ ಮಾಸ್ತರ. ಹತ್ತರದ್ದಷ್ಟ ಮಂಜು. ಎರಡು ವರ್ಷ ಆತು. ಕಣ್ಣಿಗೆ ಚಾಳೀಸು ಕನ್ನಡಕ ಹಾಕ್ಕೊಂಡ್ರ ಸರಕಾರ ಕೆಲಸಕ್ಕ ಇಟ್ಕೊಳ್ಳಂಗಿಲ್ಲ, ಹಿಂದಿನ ಡ್ರೈವರನ್ನ ಹಂಗ ಬಿಡಿಸಿದ್ರು. ನಿಮ್ಮತ್ತಿ ಕಲಿತಾಳ, ಯಾರ ಮುಂದೂ ಅಂದಿಲ್ಲ."

ಸಂಜೆ ಮೋಟಾರು ಹಾರ ಹಾಕಿಕೊಂಡು ಬಂತು. ಗೆದ್ದಿದ್ದರು! ಸರದಾರರು ಮೋಟಾರಿನಲ್ಲೇ ಎದ್ದು ನಿಂತು ಸಾರಿದರು, "ನೋಡ್ರಿ, ನಾವು ಹೇಳಿದ ದೊಡ್ಡ ಸಂದಿನ ಪ್ರತಾಪ!"

"ಹೌದ್ರಿ ಸರಕಾರ," ಎಂದ ಮಾವ, ಒಂದಿಷ್ಟೂ ನಗದೆ.

ಮನೆಗೆ ಬಂದಾಗ ಅತ್ತೆ ಕಾಲಿಗೆ ನೀರು ತಂದಳು. ಮಾವ ತಂಬಿಗೆ ಇಸಿದುಕೊಂಡು ಅವಳನ್ನೇ ಕಟ್ಟೆಯ ಮೇಲೆ ಕೂರಿಸಿದ. ಓಣಿಯ ಮಂದಿ ನೋಡುತ್ತಿದ್ದರೂ ಲೆಕ್ಕಿಸದೆ, ಮಸಿ ಹಿಡಿದ ಅವಳ ಬೆರಳುಗಳನ್ನು ಒಂದೊಂದಾಗಿ ಬೂದಿ ಹಚ್ಚಿ ಉಜ್ಜತೊಡಗಿದ. ಉಗುರಿನ ಸಂದಿಯ ಕಪ್ಪು ಅವನಿಗೆ ಕಾಣುತ್ತಿರಲಿಲ್ಲ. "ಹೋತೇನ?" ಎಂದು ಕೇಳಿ ಕೇಳಿ ತೊಳೆಯುತ್ತಿದ್ದ. ಎಲ್ಲ ಹೋದಮೇಲೂ ಅತ್ತೆ, "ಇನ್ನೂ ತುಸು ಐತ್ರಿ," ಅನ್ನುತ್ತಲೇ ಇದ್ದಳು.