ಒಂದೂವರೆ ಚದರ ಫೂಟಿನ ಊಟ

ಮೊದಲಿಗೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಹೀಗೆ ಕುಳಿತು ಬರೆಯುವುದು ಇದೇ ಮೊದಲು. ಯಾವುದನ್ನು ಬಿಡಿಸಿ ಹೇಳಬೇಕು, ಯಾವುದನ್ನು ಬಿಡಬೇಕು ತಿಳಿಯದ್ದರಿಂದ ಎಲ್ಲವನ್ನೂ ಬಿಡಿಸಿಯೇ ಹೇಳಲಾಗಿದೆ.

ಶಹಾಬಾದ ಕಡೆಯ ಒಂದು ಫರಸಿ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಊಟವನ್ನು ಚದರ ಫೂಟಿನ ಲೆಕ್ಕದಲ್ಲಿ ಕೊಡಲಾಗುತ್ತದೆ. ಫರಸಿ ಎಂದರೆ ನೆಲಕ್ಕೆ ಹಾಸುವ ಕಲ್ಲು. ಅದನ್ನು ಉದ್ದ, ಅಗಲ ಹಿಡಿದು ಅಳೆಯುತ್ತಾರೆ, ತೂಗುವುದಿಲ್ಲ. ಮ್ಯಾನೇಜರ್ ನಾಗೇಂದ್ರಪ್ಪನವರು ಮೂವತ್ತು ವರ್ಷ ಫರಸಿ ಅಳೆದವರು. ಹಾಗಾಗಿ ಪಾಲಿಶ್ ಮಷೀನಿನ ಸಂಗಣ್ಣ ಇನ್ನೊಂದು ರೊಟ್ಟಿ ಬೇಕೆಂದು ಅರ್ಜಿ ಕೊಟ್ಟಾಗ ಅವರು ಜೇಬಿನಿಂದ ಟೇಪು ತೆಗೆದದ್ದು ಸಹಜವೇ.

ಅಡಿಗೆಯ ಭೀಮಬಾಯಿಗೆ ಮಾತ್ರ ಅದು ಸಹಜ ಅನ್ನಿಸಲಿಲ್ಲ. ಹದಿನಾರು ವರ್ಷದಿಂದ ಆ ಒಲೆ ಅವಳದು.

"ರೊಟ್ಟಿ ದುಂಡಗ ಅದಲ್ಲ ಭೀಮಬಾಯಿ," ಎಂದರು ನಾಗೇಂದ್ರಪ್ಪ. "ಸುತ್ತ ಕಡದು ಚೌಕ ಎಷ್ಟು ಉಳೀತದ, ಅಷ್ಟೇ ಲೆಕ್ಕ."

"ಕಡದಿದ್ದು?"

"ವೇಸ್ಟೇಜು."

"ಹಂಗಾರ ಇನ್ನೆರಡು ರೊಟ್ಟಿ ಹೆಚ್ಚಿಗಿ ಕೊಡ್ತೀನ್ರಿ."

"ಒಂದರ ಮ್ಯಾಲೊಂದು ಇಟ್ಟರ ದಪ್ಪ ಆಗ್ತದ. ದಪ್ಪ ನಾವು ಹಿಡಿಯಂಗಿಲ್ಲ."

ಹುಳಿಸೊಪ್ಪಿನ ಪುಂಡಿಪಲ್ಯದ ಮೇಲೆ ಟೇಪು ಹಿಡಿದು ಅವರು ಸ್ವಲ್ಪ ಹೊತ್ತು ನಿಂತರು. ಅದಕ್ಕೆ ಅಂಚೇ ಸಿಗಲಿಲ್ಲ. ಸಂಜೆ ಗೋಡೆಗೆ ಪ್ರಕಟಣೆ ಬಂತು:

'ತಲಾ ಊಟ ಒಂದೂವರೆ ಚದರ ಫೂಟಿಗಿಂತ ಕಡಿಮೆ ಇರತಕ್ಕದ್ದಲ್ಲ. ರುಚಿಗೆ ಉದ್ದ ಅಗಲ ಇಲ್ಲದ ಕಾರಣ ರುಚಿಯನ್ನು ಪರಿಗಣಿಸಲಾಗುವುದಿಲ್ಲ. ಹಾಲಿ ಊಟವು ಅರ್ಧ ಚದರ ಫೂಟು ಮಾತ್ರ ಇರುವುದರಿಂದ ಸೋಮವಾರದಿಂದ ಒಲೆಯನ್ನೂ ಅಡಿಗೆಯವಳನ್ನೂ ನಿಲ್ಲಿಸಲಾಗಿದೆ.'

ಸೇಡಮಿನಿಂದ ಅಶೋಕಕುಮಾರ ಎಂಬ ಏಜೆಂಟು ನೂರಾ ಒಂದು ಪಾಕೀಟು ತಂದ. ಬಿಸಿನೀರು ಹೊಯ್ದರೆ ಪಲಾವ್ ಆಗುವ ಪಾಕೀಟು. ಒಂದು ಫೂಟು ಅಗಲ, ಒಂದೂವರೆ ಫೂಟು ಉದ್ದ, ತುಂಬ ಗಾಳಿ. ನಾಗೇಂದ್ರಪ್ಪ ಅಳೆದು, "ನಾಕೂ ಮೂಲಿ ಬರೋಬ್ಬರಿ," ಎಂದರು.

"ಒಳಗ ಎಷ್ಟದ ನೋಡ್ರಿ," ಎಂದಳು ಭೀಮಬಾಯಿ.

"ಒಳಗಿಂದು ದಪ್ಪದ ವಿಷಯ."

ಸೋಮವಾರ ಸಂಗಣ್ಣ ಪಾಕೀಟು ಹರಿದ. ಗಾಳಿ ಹೋಯಿತು. ತಾಟಿಗೆ ಬಿದ್ದದ್ದು ಮೂರು ಚಮಚ.

"ನೋಡು, ಎಷ್ಟು ಕಮ್ಮಿ ಮಾಡಿಟ್ಟಿ," ಎಂದು ನಾಗೇಂದ್ರಪ್ಪ ಅವನನ್ನೇ ಬೈದರು. "ಒಡದ ಮಾಲು ಯಾರ್ ತಗೋತಾರೋ?"

ಪಾಕೀಟು ಒಡೆಯತಕ್ಕದ್ದಲ್ಲ ಎಂಬ ನಿಯಮ ಅಂದೇ ಬಂತು. ಮೂರು ದಿನ ನೂರು ಮಂದಿ ಪೂರ್ತಿ ಅಳತೆಯ ಊಟ ಮುಂದಿಟ್ಟುಕೊಂಡು ಉಪವಾಸ ಕುಳಿತರು. ವರದಿಯಲ್ಲಿ ಕೊರತೆ ಶೂನ್ಯ ಎಂದಿತ್ತು, ಅದು ನಿಜವೂ ಆಗಿತ್ತು. ನಾಗೇಂದ್ರಪ್ಪನವರ ಊಟವೂ ಅಲ್ಲಿಯೇ ಇದ್ದದ್ದರಿಂದ ಅವರ ಪ್ಯಾಂಟು ಸಡಿಲಾಗಿತ್ತು.

ಗುರುವಾರ ಭೀಮಬಾಯಿ ಬುಟ್ಟಿ ಹೊತ್ತುಕೊಂಡು ಬಂದಳು.

"ಸಾಹೇಬ್ರ, ಲಾರಿ ತುಂಬುವಾಗ ಫರಸಿ ನಡುವ ಹುಲ್ಲು ಇಡ್ತೀರಲ್ಲ, ಅದನ್ನ ಅಳೀತೀರೇನ್ರಿ?"

"ಅದನ್ಯಾಕ ಅಳೀಲಿ? ಅದು ಮಾಲಲ್ಲ, ಪ್ಯಾಕಿಂಗು."

"ನಿಮ್ಮ ಪಾಕೀಟು ಒಂದಕ್ಕೊಂದು ತಿಕ್ಕಿ ಹರದಾವು ಅಂತ ನನಗ ಭಾಳ ಚಿಂತಿ ಆಗ್ಯದರಿ. ನಡುವ ರೊಟ್ಟಿ ಇಡ್ಲೇನ್ರಿ?"

ನಾಗೇಂದ್ರಪ್ಪ ಬುಟ್ಟಿಯನ್ನೇ ನೋಡುತ್ತಿದ್ದರು. "ಎಷ್ಟೆಷ್ಟು ಇಡ್ತಿ?"

"ಮೂರ್ಮೂರು."

"ಮಾಲು ನಾಜೂಕದ. ನಾಕು ಇಡು."

"ರೊಟ್ಟಿ ಜಾರಬಾರ್ದಲ್ರಿ. ಪುಂಡಿಪಲ್ಯ ಹಚ್ಚಬೇಕಾಗ್ತದ."

"ಸುರಕ್ಷತಾ ದೃಷ್ಟಿಯಿಂದ ಹಚ್ಚು," ಎಂದರು ನಾಗೇಂದ್ರಪ್ಪ.

ಭೀಮಬಾಯಿ ಈಗ ಅಡಿಗೆಯವಳಲ್ಲ, ಪ್ಯಾಕಿಂಗ್ ಸಹಾಯಕಿ. ಒಲೆ 'ಪ್ಯಾಕಿಂಗ್ ವಿಭಾಗ' ಎಂಬ ಹೊಸ ಬೋರ್ಡಿನ ಕೆಳಗೆ ಉರಿಯುತ್ತಿದೆ. ದಿನಾ ಒಂದು ಗಂಟೆಗೆ ಊಟ ಅಳೆದ ಮೇಲೆ ನೂರು ಮಂದಿ ಪ್ಯಾಕಿಂಗ್ ತೆಗೆಯುತ್ತಾರೆ. ತೆಗೆದದ್ದು ಎಲ್ಲಿ ಹೋಗುತ್ತದೆ ಎಂಬುದು ಯಾವ ನಿಯಮದಲ್ಲೂ ಇಲ್ಲ. ಪಾಕೀಟುಗಳು ಕಪಾಟಿಗೆ ವಾಪಸ್ ಹೋಗುತ್ತವೆ. ಎಂಟು ತಿಂಗಳಿಂದ ಅವೇ ನೂರು ಪಾಕೀಟು, ಒಂದು ಇಂಚೂ ಕಮ್ಮಿಯಾಗಿಲ್ಲ. ಇದನ್ನು ನೋಡಿ ಹೋಗಲು ಚಿಂಚೋಳಿ, ಚಿತ್ತಾಪುರದ ಕಾರ್ಖಾನೆಯವರೂ ಬಂದಿದ್ದರು. ಪ್ಯಾಕಿಂಗ್ ತೆಗೆಯಲು ಅವರೂ ಕೈಜೋಡಿಸಿದರು. ಅಶೋಕಕುಮಾರನಂತೂ ವಾರಕ್ಕೆರಡು ಸಲ ಪಾಕೀಟಿನ ಯೋಗಕ್ಷೇಮ ವಿಚಾರಿಸಲು ಸರಿಯಾಗಿ ಒಂದು ಗಂಟೆಗೇ ಬರುತ್ತಾನೆ.

ಇನ್ನು ಶೇಂಗಾಚಟ್ನಿ ಯಾವ ಬಾಬ್ತಿಗೆ ಸೇರುತ್ತದೆ ಎಂಬುದನ್ನೂ ಬಿಡಿಸಿ ಹೇಳಬೇಕು. ಪಾಲಿಶ್ ಹಿಡಿಸುವಾಗ ಕಲ್ಲಿನ ಮೇಲೆ ಪುಡಿ ಉದುರಿಸುತ್ತಾರಲ್ಲ, ಅದೇ ರೀತಿ ರೊಟ್ಟಿಯ ಮೇಲೂ ನಿಯಮದ ಪ್ರಕಾರ… ಕ್ಷಮಿಸಿ, ಭೀಮಬಾಯಿ ಕರೆಯುತ್ತಿದ್ದಾಳೆ. ಪ್ಯಾಕಿಂಗು ಆರಲಿಕತ್ತದಂತ.