ಗಾಜಿನ ಮೇಲೆ ಅಜ್ಜಿ ಬರೆದದ್ದರ ಕುರಿತು

ಇಂದ,
ಹೊಸೆಫಾ ತೈಮಾಂಗ್ಲೊ, ಶಾಲಾ ಶಿಕ್ಷಕಿ,
ಉಮಾಟಾಕ್ ಗ್ರಾಮ, ಗ್ವಾಮ್ ದ್ವೀಪ.

ಗೆ,
ನಿರ್ದೇಶಕರು,
ಸಂತ ಗಾಸ್ಪಾರ್ ಭೂಪಟ ಸಂಗ್ರಹಾಲಯ, ಸ್ಪೇನ್.

ವಿಷಯ: ಕಾವಲುಗಾರ ವಿಲ್ಮರ್ ಕಿಸ್ಪೆ ಅವರನ್ನು ಮರಳಿ ಕೆಲಸಕ್ಕೆ ತೆಗೆದುಕೊಳ್ಳುವ ಬಗ್ಗೆ.

ಉಲ್ಲೇಖ: ನನ್ನ ಅಜ್ಜಿಗೆ ಆಜೀವ ಪ್ರವೇಶ ನಿಷೇಧಿಸಿದ ತಮ್ಮ ಆದೇಶ.

ಮಾನ್ಯರೇ,

ಮೇಲ್ಕಂಡ ವಿಷಯದಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ,

೧. ಚರ್ಚಿನ ಯಾತ್ರೆಗೆಂದು ಸ್ಪೇನಿಗೆ ಬಂದಿದ್ದ ನಾನೂ ನನ್ನ ಅಜ್ಜಿ ಎಂಗ್ರಾಸಿಯಾ ಅವರೂ ಮಳೆ ಬಂದ ಕಾರಣ ತಮ್ಮ ಸಂಗ್ರಹಾಲಯ ಹೊಕ್ಕೆವು. ಯಾವ ದುರುದ್ದೇಶವೂ ಇರಲಿಲ್ಲ.

೨. ಗೋಡೆಯ ಹಳೆಯ ಪ್ರಪಂಚ ಭೂಪಟದಲ್ಲಿ ಅಜ್ಜಿ ನಮ್ಮ ದ್ವೀಪಗಳನ್ನು ತಾವೇ ಹುಡುಕಿದರು. "ಬಾರೇ, ನಮ್ಮೂರು ಸಿಕ್ತು! ಅಕ್ಷರ ಕಾಣ್ತಿಲ್ಲ, ಏನಂತ ಬರ್ದಿದಾರೆ ಓದು." "ಕಳ್ಳರ ದ್ವೀಪಗಳು" ಎಂದಿತ್ತು. ಸುಳ್ಳು ಹೇಳಬಹುದಿತ್ತು, ಶಿಕ್ಷಕಿಯಾದ ಕಾರಣ ಇದ್ದದ್ದನ್ನೇ ಓದಿದೆ.

೩. ಐನೂರು ವರ್ಷಗಳ ಹಿಂದೆ ತಮ್ಮ ರಾಜರ ಹಡಗುಗಳು ನಮ್ಮಲ್ಲಿಗೆ ಬಂದಾಗ ಅವರದೊಂದು ದೋಣಿ ಕಾಣೆಯಾಯಿತು. ಆ ಕಾರಣ ಅವರು ಮನೆಗಳನ್ನು ಸುಟ್ಟು, ಜನರನ್ನು ಕೊಂದು, ಈ ಹೆಸರಿಟ್ಟು ಹೋದರು. "ಆಮೇಲೆ ವಾಪಸ್ ಬಂದು ಇನ್ನೂರು ವರ್ಷ ನಮ್ಮನೇಲೇ ಠಿಕಾಣಿ ಹೂಡಿದ್ರು. ಕಳ್ಳರು ನಾವಂತೆ!" ಎಂದರು ಅಜ್ಜಿ.

೪. ಅಜ್ಜಿ ಎಲೆಅಡಿಕೆ ಜಗಿಯುತ್ತಿದ್ದರು. ಆದ್ದರಿಂದ ಬೆರಳು ಕೆಂಪಾಗಿತ್ತು. ಅದೇ ಬೆರಳಿನಿಂದ ಪಟದ ಗಾಜಿನ ಮೇಲೆ, ಸ್ಪೇನ್ ಇರುವ ಜಾಗದಲ್ಲಿ, "ಇವರೂ" ಎಂದು ಬರೆದರು.

೫. ಕಾವಲಿನ ವಿಲ್ಮರ್ ಓಡಿಬಂದರು.

"ಅಯ್ಯೋ ಅಜ್ಜೀ, ಏನ್ ಮಾಡ್ಬಿಟ್ರಿ!"

"ಒಂದು ಹೆಸರು ಬಿಟ್ಟೋಗಿತ್ತಪ್ಪ, ಸೇರಿಸ್ದೆ. ನಿಂದ್ಯಾವೂರು?"

"ಬೊಲಿವಿಯಾ."

"ನಿಮ್ಮನೆಗೂ ಬಂದಿದ್ರಾ ಇವ್ರು?"

"ಬರ್ದೇ ಇರ್ತಾರಾ? ಬೆಟ್ಟ ಬಗೆದು ಬೆಳ್ಳಿಯೆಲ್ಲ ಹೊತ್ಕೊಂಡು ಹೋದ್ರು."

ವಿಲ್ಮರ್ ಬಟ್ಟೆ ತಂದರು. ಆದರೆ ನಗು ತಡೆಯಲಾಗದ ಕಾರಣ ಒರೆಸುವುದು ತಡವಾಯಿತು. ಅಷ್ಟರಲ್ಲಿ ತಾವು ಬಂದು ಅವರನ್ನು ಅಲ್ಲಿಯೇ ಕೆಲಸದಿಂದ ತೆಗೆದಿರಿ.

೬. ಅಜ್ಜಿ ಲಿಖಿತವಾಗಿ ಕ್ಷಮೆ ಕೇಳಿದರೆ ವಿಲ್ಮರ್ ಅವರ ಕೆಲಸದ ವಿಷಯ ಮರುಪರಿಶೀಲಿಸುವುದಾಗಿ ತಾವು ಹೇಳಿದಿರಿ. "ಮೊದ್ಲು ಅವ್ರು ಕೇಳ್ಲಿ" ಎಂದು ಅಜ್ಜಿ ಎದ್ದುಬಂದರು. ಊರಿಗೆ ಬಂದ ಮೇಲೂ ಹಟ ಬಿಡಲಿಲ್ಲ. ಮೊನ್ನೆ ವಿಲ್ಮರ್ ಫೋನು ಮಾಡಿ, ಇನ್ನೂ ಎಲ್ಲಿಯೂ ಕೆಲಸ ಸಿಕ್ಕಿಲ್ಲವೆಂದು ಹೇಳಿ, ಅಜ್ಜಿ ಚೆನ್ನಾಗಿದ್ದಾರೆಯೇ ಎಂದು ವಿಚಾರಿಸಿದರು. ಅಜ್ಜಿ ಊಟ ಬಿಟ್ಟು ಎದ್ದರು. ಸಂಜೆ, "ಕಾಗದ ಕೊಡೇ. ಆ ಹುಡುಗನಿಗೋಸ್ಕರ," ಎಂದರು.

ಆದ್ದರಿಂದ ವಿಲ್ಮರ್ ಅವರನ್ನು ಮರಳಿ ನೇಮಿಸಬೇಕೆಂದು ಪ್ರಾರ್ಥನೆ. ಅಜ್ಜಿಯ ಮೇಲಿನ ನಿಷೇಧವನ್ನು ಹಾಗೆಯೇ ಇಟ್ಟುಕೊಳ್ಳಬಹುದು.

ತಮ್ಮ ವಿಶ್ವಾಸಿ,
ಹೊಸೆಫಾ ತೈಮಾಂಗ್ಲೊ

ಲಗತ್ತು: "ನನ್ನಿಂದ ತಪ್ಪಾಯಿತು" ಎಂದು ಅಜ್ಜಿ ಸಹಿ ಮಾಡಿದ ಕ್ಷಮಾಪಣೆ, ಒಂದು ಪ್ರತಿ.

ವಿ.ಸೂ.: ಏನು ತಪ್ಪಾಯಿತೆಂದು ನಾನು ಕೇಳಿದ್ದಕ್ಕೆ, "ಅಕ್ಷರ ಸಣ್ಣದಾಯ್ತು," ಎಂದರು. ಇದನ್ನು ಕಡತಕ್ಕೆ ಸೇರಿಸದಿರಲು ಕೋರಿಕೆ.